ಆಜ್ಞಾಪತ್ರದ ಗದ್ಯವೂ ಅದರ ಓದುಗನೂ

ಸಾಹಿತ್ಯವೆಂದರೆ ಕಾವ್ಯ, ನಾಟಕ, ಕಥೆ ಇಷ್ಟೇ ಎಂಬ ಭಾವನೆಯು ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ರಾಜಶಾಸನವನ್ನು ಬರೆಯುವವನನ್ನು ಯಾರೂ ಲೇಖಕರ ಪಂಕ್ತಿಯಲ್ಲಿ ಕುಳ್ಳಿರಿಸುವುದಿಲ್ಲ. ಪ್ರಾಚೀನರು ಹೀಗೆ ಎಣಿಸಲಿಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶಾಸನಾಧಿಕಾರವೆಂಬ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಾಗಿಟ್ಟನು. ಶಾಸನವನ್ನು ಬರೆಯುವವನು ಅಮಾತ್ಯನಿಗೆ ತಕ್ಕ ಗುಣಗಳುಳ್ಳವನಾಗಿರಬೇಕೆಂದೂ, ಅವನ ಬರಹದಲ್ಲಿ ಆರು ಸಂಪತ್ತುಗಳು ಇರಬೇಕೆಂದೂ, ಐದು ದೋಷಗಳು ಇರಕೂಡದೆಂದೂ ವಿಧಿಸಿದನು. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಇವು ಆರು ಸಂಪತ್ತುಗಳು. ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ ಇವು ಐದು ದೋಷಗಳು. ಬಹುಕಾಲ ಕಣ್ಮರೆಯಾಗಿದ್ದ ಆ ಗ್ರಂಥವು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಸೇರಿ ೧೯೦೯ರಲ್ಲಿ ಅಚ್ಚಾಯಿತು. ಹೀಗೆ ಕನ್ನಡ ನಾಡಿನಲ್ಲಿಯೇ ಮರುಜನ್ಮವನ್ನು ಪಡೆದ ಆ ಅಧ್ಯಾಯವನ್ನು ಒರೆಗಲ್ಲಾಗಿ ಇಟ್ಟುಕೊಂಡು, ಇಂದಿನ ಸರಕಾರಿ ಗದ್ಯದ ಒಂದು ಬಗೆಯನ್ನು ಪರೀಕ್ಷಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪರೀಕ್ಷೆಗೆ ಎತ್ತಿಕೊಂಡಿರುವುದು ಸೆಬಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಮಂಡಳಿಯ ಆಜ್ಞೆಗಳ ಗದ್ಯ. ಈ ಮಂಡಳಿಯು ೧೯೮೮ರಲ್ಲಿ ಹುಟ್ಟಿ, ೧೯೯೨ರ ಶಾಸನದಿಂದ ಅಧಿಕಾರವನ್ನು ಪಡೆದು, ಮುಂಬಯಿಯಲ್ಲಿ ನೆಲಸಿದೆ. ಷೇರುಪೇಟೆಯನ್ನು ಕಾಯುವುದು, ಜನರಿಂದ ಹಣವನ್ನು ಕೂಡಿಸಿ ಲಾಭವನ್ನು ಕೊಡುವೆವೆನ್ನುವವರನ್ನು ನಿಯಮದೊಳಗಿಡುವುದು, ಹಣ ಹೂಡಿದವರ ಹಿತವನ್ನು ರಕ್ಷಿಸುವುದು ಇವು ಅದಕ್ಕೆ ವಿಹಿತವಾದ ಕಾರ್ಯಗಳು. ಆಜ್ಞೆಗೆ ರುಜು ಹಾಕುವವರು ಮಂಡಳಿಯ ಪೂರ್ಣಕಾಲದ ಸದಸ್ಯರು, ಇಲ್ಲವೆ ನಿರ್ಣಯಾಧಿಕಾರಿಗಳು. ಆದರೆ ಆ ರುಜುವಿನ ಹಿಂದೆ ನೋಟೀಸು, ಟಿಪ್ಪಣಿ, ಪಟ್ಟಿ, ಕರಡುಗಳ ದೊಡ್ಡದೊಂದು ರಾಶಿ ಇರುತ್ತದೆ. ಆ ರಾಶಿಯಲ್ಲಿ ಹಗಲಿರುಳು ಕೈಯಾಡಿಸುವವರಲ್ಲಿ ಕಾನೂನು ಪದವಿಯನ್ನು ಪಡೆದು, ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಸಹಾಯಕ ಮ್ಯಾನೇಜರೆಂಬ ಹುದ್ದೆಗೆ ಹೊಸದಾಗಿ ಸೇರಿದ ತರುಣ ತರುಣಿಯರು ಮುಖ್ಯರು. ಅವರ ಹೆಸರು ಆಜ್ಞೆಯಲ್ಲಿ ಎಲ್ಲಿಯೂ ಬಾರದು. ಆದರೂ ಕೌಟಿಲ್ಯನು ಹೇಳಿದ ಶಾಸನಲೇಖಕರು ಈ ಕಾಲದಲ್ಲಿ ಅವರೇ ಆಗಿದ್ದಾರೆ.

ಈ ಗದ್ಯಕ್ಕೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಬಹಳ ಹತ್ತಿರದ್ದು. ಈ ಸೀಮೆಯ ಬಹುಭಾಗವು ಮಳೆಯನ್ನು ನೆಚ್ಚಿದ ಭೂಮಿ. ಜೋಳ, ಶೇಂಗಾ, ಮೆಕ್ಕೆಜೋಳ ಮಾರಿ ಬಂದ ಹಣವು ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಮಲ್ಲಿಗೆ ಕಟ್ಟಿದವಳಿಗೆ ದಿನಕ್ಕಷ್ಟು ಚಿಲ್ಲರೆ ಸೇರುತ್ತದೆ. ಆ ಹಣವನ್ನು ಮಗಳ ಮದುವೆಗೋ ಮಗನ ಓದಿಗೋ ಎತ್ತಿಡಬೇಕು. ಬ್ಯಾಂಕಿನ ಮೆಟ್ಟಿಲನ್ನು ಹತ್ತಲು ಅಂಜುವವರ ಮನೆಯ ಬಾಗಿಲಿಗೆ ಏಜೆಂಟನು ತಾನಾಗಿಯೇ ಬರುತ್ತಾನೆ. ಅವನು ಪರಕೀಯನಲ್ಲ, ಓಣಿಯವನೋ ನೆಂಟನೋ ಆಗಿರುತ್ತಾನೆ. ಅವನು ಕೊಟ್ಟ ಕಾಗದಕ್ಕೆ ಜನರು ಬಾಂಡೆಂದು ಹೆಸರಿಟ್ಟು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ಸಂಸ್ಥೆಯು ಬಿದ್ದಾಗ ಆ ಬಾಂಡಿನ ಗತಿಯನ್ನು ನಿರ್ಣಯಿಸುವುದು ಮುಂಬಯಿಯಲ್ಲಿ ಬರೆದ ಆಜ್ಞೆ. ಇದಲ್ಲದೆ ಇದೇ ತಾಲ್ಲೂಕುಗಳ ಮಕ್ಕಳು ಈಗ ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಕಾನೂನನ್ನು ಓದುತ್ತಿದ್ದಾರೆ. ಆ ಶಾಸನಲೇಖಕನ ಪೀಠದಲ್ಲಿ ನಾಳೆ ಈ ಸೀಮೆಯ ಮನೆಯ ಮಗಳೇ ಕುಳಿತಾಳು. ಆದುದರಿಂದ ಆ ಗದ್ಯವು ಹೇಗಿದೆ, ಹೇಗಿರಬೇಕು ಎಂಬುದು ಈ ಸೀಮೆಯ ಮನೆಗಳ ಚಿಂತೆಯೂ ಹೌದು.

ಮೊದಲು ಆ ತರುಣ ವಕೀಲನು ಮಾಡತಕ್ಕ ಕೆಲಸದ ಸ್ವರೂಪವನ್ನು ಅರಿಯಬೇಕು. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ವ್ಯವಹಾರಕ್ಕೆ ನಾಲ್ಕು ಪಾದಗಳನ್ನು ಹೇಳುತ್ತದೆ. ಆರೋಪವನ್ನು ನಿರೂಪಿಸುವುದು ಭಾಷಾಪಾದ, ಎದುರಾಳಿಯ ಮಾತು ಉತ್ತರಪಾದ, ಪ್ರಮಾಣಗಳನ್ನು ಒಡ್ಡುವುದು ಕ್ರಿಯಾಪಾದ, ನಿರ್ಣಯವು ಸಾಧ್ಯಸಿದ್ಧಿಪಾದ. ಸೆಬಿಯ ವ್ಯವಹಾರವೂ ಈ ನಾಲ್ಕು ಕಾಲುಗಳ ಮೇಲೆಯೇ ನಡೆಯುತ್ತದೆ. ಕಾರಣ ಕೇಳುವ ನೋಟೀಸು ಅದರ ಭಾಷಾಪಾದ. ಭಾಷೆಯನ್ನು ಮೊದಲು ಹಲಗೆಯ ಮೇಲೆ ಬಳಪದಿಂದ ಬರೆದು, ತಿದ್ದಿ, ಆಮೇಲೆ ಪತ್ರಕ್ಕೆ ಏರಿಸಬೇಕೆಂದು ಧರ್ಮಶಾಸ್ತ್ರಜ್ಞರು ಹೇಳಿದ್ದುಂಟು. ಇಂದಿನ ಹಲಗೆಯು ಗಣಕಯಂತ್ರ, ತಿದ್ದುವವರು ಮೇಲಧಿಕಾರಿಗಳು.

ಈ ತಿದ್ದುವಿಕೆಯೇ ತರುಣನ ನಿಜವಾದ ಪಾಠಶಾಲೆ. ಬ್ಯಾಂಕಿನ ಲೆಕ್ಕ, ಸಂಸ್ಥೆಯ ಕರಪತ್ರ, ರಶೀದಿ, ಒಪ್ಪಂದ ಇವುಗಳನ್ನು ಸಾಲುಸಾಲಾಗಿ ಓದಿ, ಕಾಗದವು ತೋರುವುದಕ್ಕಿಂತ ಒಂದಕ್ಷರವನ್ನೂ ಹೆಚ್ಚಾಗಿ ಬರೆಯಕೂಡದೆಂಬುದನ್ನು ಅವನು ಕಲಿಯುತ್ತಾನೆ. ಮೋಸವೆಂದು ಮನಸ್ಸಿಗೆ ಹೊಳೆದ ಮಾತ್ರಕ್ಕೆ ಮೋಸವೆಂದು ಬರೆಯಲಾಗದು; ತಾರೀಕು, ಖಾತೆ, ಮೊತ್ತ, ಪಡೆದವರಾರು, ಕೊಟ್ಟವರಾರು ಎಂಬುವನ್ನು ತೋರಿಸಿ, ಅದನ್ನು ಶಾಸನದ ಯಾವ ವಾಕ್ಯವು ನಿಷೇಧಿಸುತ್ತದೆಂದು ಹೇಳಬೇಕು. ಕೋಪ ಬಂದಲ್ಲಿ ವಿಶೇಷಣವನ್ನು ಹೊಡೆದುಹಾಕಿ ಅಂಕಿಯನ್ನು ಇಡಬೇಕು. ಇದು ಕಠಿನವಾದ ಅಭ್ಯಾಸ, ಉತ್ತಮವಾದ ಅಭ್ಯಾಸವೂ ಹೌದು. ಕನ್ನಡದಲ್ಲಿ ವಿಮರ್ಶೆ ಬರೆಯುವವರಲ್ಲಿ ಹಲವರಿಗೆ ಈ ಶಿಕ್ಷಣವು ದೊರೆತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಈ ಅಭ್ಯಾಸದ ಫಲವನ್ನು ಒಂದು ಪ್ರಸಿದ್ಧ ವ್ಯವಹಾರದಲ್ಲಿ ನೋಡಬಹುದು. ಪಿ.ಎ.ಸಿ.ಎಲ್. ಎಂಬ ಸಂಸ್ಥೆಯು ಕೃಷಿಭೂಮಿಯನ್ನು ಕೊಡಿಸುವೆನೆಂದು ಹೇಳಿ ದೇಶದ ಉದ್ದಗಲಕ್ಕೂ ಏಜೆಂಟರ ಮೂಲಕ ಕಂತುಗಳಲ್ಲಿ ಹಣವನ್ನು ಕೂಡಿಸಿತು. ೧೯೯೯ರಲ್ಲಿಯೇ ಸೆಬಿಯು ಅದನ್ನು ಪ್ರಶ್ನಿಸಿತು. ತಾನು ಮಾಡುವುದು ಭೂಮಿಯ ಕ್ರಯವಿಕ್ರಯವೇ ಹೊರತು ಸಾಮೂಹಿಕ ಹೂಡಿಕೆಯ ಯೋಜನೆಯಲ್ಲವೆಂಬುದು ಸಂಸ್ಥೆಯ ವಾದ. ರಾಜಸ್ಥಾನದ ಉಚ್ಚ ನ್ಯಾಯಾಲಯವು ೨೦೦೩ರಲ್ಲಿ ಸಂಸ್ಥೆಯ ಪಕ್ಷವನ್ನು ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯವು ೨೦೧೩ರ ಫೆಬ್ರವರಿಯಲ್ಲಿ ಆ ತೀರ್ಪನ್ನು ತಳ್ಳಿಹಾಕಿ, ಸೆಬಿಯೇ ವಿಚಾರಿಸಿ ನಿರ್ಣಯಿಸಲೆಂದಿತು. ೨೦೧೪ನೆಯ ಆಗಸ್ಟ್ ೨೨ರಂದು ಆಜ್ಞೆಯು ಹೊರಬಿದ್ದಿತು. ಸಂಸ್ಥೆಯು ಸುಮಾರು ೫.೮೫ ಕೋಟಿ ಗ್ರಾಹಕರಿಂದ ೪೯,೧೦೦ ಕೋಟಿ ರೂಪಾಯಿಗಳಷ್ಟು ಹಣವನ್ನು ಕೂಡಿಸಿದುದು ಕಂಡುಬಂದು, ಯೋಜನೆಗಳನ್ನು ಮುಚ್ಚಿ ಮೂರು ತಿಂಗಳೊಳಗೆ ಹಣವನ್ನು ಹಿಂದಿರುಗಿಸಬೇಕೆಂದು ವಿಧಿಸಲಾಯಿತು. ಮೊದಲ ಪತ್ರಕ್ಕೂ ಈ ಆಜ್ಞೆಗೂ ನಡುವೆ ಹದಿನೈದು ವರ್ಷಗಳು. ಮೊದಲ ಕಡತವನ್ನು ಕಟ್ಟಿದ ತರುಣನ ಕೂದಲು ಆಜ್ಞೆಯು ಹೊರಡುವ ಹೊತ್ತಿಗೆ ನರೆತಿರಬಹುದು.

ಆ ವ್ಯವಹಾರದ ತಿರುಳು ನೈಯಾಯಿಕರ ಲಕ್ಷಣವಿಚಾರದಂತೆ ಇದೆ. ಸಾಮೂಹಿಕ ಹೂಡಿಕೆಯ ಯೋಜನೆಗೆ ಶಾಸನದ ೧೧ಎಎ ಎಂಬ ಪ್ರಕರಣವು ನಾಲ್ಕು ಲಕ್ಷಣಗಳನ್ನು ಹೇಳಿದೆ: ಹಲವರ ಹಣವು ಒಂದೆಡೆ ಕೂಡಿ ಬಳಕೆಯಾಗಬೇಕು, ಲಾಭದ ಆಸೆಯಿಂದ ಅದನ್ನು ಕೊಟ್ಟಿರಬೇಕು, ಕೊಟ್ಟವರ ಪರವಾಗಿ ಇನ್ನೊಬ್ಬರು ಅದನ್ನು ನಡೆಸಬೇಕು, ದಿನದಿನದ ನಿರ್ವಾಹದಲ್ಲಿ ಕೊಟ್ಟವರಿಗೆ ಕೈ ಇರಬಾರದು. ತಾನು ಕೊಂಡ ನೆಲವು ಯಾವ ಊರಿನಲ್ಲಿದೆಯೆಂಬುದನ್ನೇ ಅರಿಯದೆ ಕಂತು ಕಟ್ಟಿದವನು ಭೂಮಿಯನ್ನು ಕೊಂಡನೆನ್ನಬಹುದೆ, ಅಥವಾ ಹಣವನ್ನು ಹೂಡಿದನೆನ್ನಬೇಕೆ? ಲಕ್ಷಣವು ಲಕ್ಷ್ಯಕ್ಕೆ ಕೂಡಿತೆ, ಅವ್ಯಾಪ್ತಿಯುಂಟೆ, ಅತಿವ್ಯಾಪ್ತಿಯುಂಟೆ ಎಂದು ಒಂದೊಂದಾಗಿ ಸೋಸಿ ಬರೆಯುವುದರಲ್ಲಿ ಈ ಗದ್ಯವು ತನ್ನ ಉತ್ಕರ್ಷವನ್ನು ಕಾಣುತ್ತದೆ. ೨೦೧೫ರ ಆಗಸ್ಟಿನಲ್ಲಿ ಮೇಲ್ಮನವಿಯ ನ್ಯಾಯಮಂಡಳಿಯು ಈ ಆಜ್ಞೆಯನ್ನು ಎತ್ತಿಹಿಡಿಯಿತು.

ಇನ್ನು ಆರು ಸಂಪತ್ತುಗಳಿಂದ ಈ ಬಗೆಯ ಆಜ್ಞೆಗಳನ್ನು ತೂಗಿ ನೋಡಬಹುದು. ಹಿಂದಿನ ಮಾತಿಗೆ ಮುಂದಿನ ಮಾತು ಅಡ್ಡಬಾರದಂತೆ ಕೊನೆಯವರೆಗೂ ನಡೆಸುವುದು ಸಂಬಂಧ. ಅದು ಈ ಗದ್ಯದಲ್ಲಿ ಪುಷ್ಕಳವಾಗಿದೆ; ವ್ಯಾಘಾತವೆಂಬ ದೋಷವು ಕಂಡರೆ ಎದುರುಪಕ್ಷದ ವಕೀಲನು ಸುಮ್ಮನಿರುವನೆ? ಗ್ರಾಮ್ಯವಲ್ಲದ ಶಬ್ದಗಳನ್ನು ಬಳಸುವುದು ಔದಾರ್ಯ. ಲಕ್ಷಾಂತರ ಮನೆಗಳನ್ನು ಮುಳುಗಿಸಿದವನ ಹೆಸರನ್ನೂ ಈ ಗದ್ಯವು ಬೈಗಳಿಲ್ಲದೆ ಬರೆಯುತ್ತದೆ. ಇದು ಸಣ್ಣ ಸಂಗತಿಯಲ್ಲ. ರಾಜ್ಯವು ಕೋಪದಿಂದ ಮಾತನಾಡಿದರೆ ನ್ಯಾಯದ ಗೌರವವು ಕುಗ್ಗುತ್ತದೆ. ಹೇತು, ಉದಾಹರಣೆ, ದೃಷ್ಟಾಂತಗಳಿಂದ ಅರ್ಥವನ್ನು ತುಂಬುವುದು ಪರಿಪೂರ್ಣತೆ. ಅದೂ ಇದೆ, ಒಂದೊಂದು ಕಡೆ ಮಿತಿಮೀರಿಯೂ ಇದೆ. ನೋಟೀಸಿನಲ್ಲಿ ಹೇಳಿದುದನ್ನು ಆಜ್ಞೆಯ ಮೊದಲಲ್ಲಿ ಹೇಳಿ, ಎದುರಾಳಿಯ ಉತ್ತರದಲ್ಲಿ ಅದನ್ನೇ ತಂದು, ವಿಚಾರಣೆಯಲ್ಲಿ ಮೂರನೆಯ ಬಾರಿ ಹೇಳುವುದುಂಟು. ಮೀಮಾಂಸಕರು ಅಭ್ಯಾಸವನ್ನು ತಾತ್ಪರ್ಯದ ಗುರುತೆಂದು ಎಣಿಸಿದರು, ನಿಜ. ಆದರೆ ಅಭ್ಯಾಸವೇ ಬೇರೆ, ಪುನರುಕ್ತವೇ ಬೇರೆ. ತಾತ್ಪರ್ಯವನ್ನು ಹೆಚ್ಚಿಸದೆ ಹಾಳೆಯನ್ನು ಮಾತ್ರ ಹೆಚ್ಚಿಸುವುದು ಪುನರುಕ್ತವೇ ಸರಿ.

ಅರ್ಥಕ್ರಮವೆಂದರೆ ಪ್ರಧಾನವಾದ ಅರ್ಥವನ್ನು ಮೊದಲಿಗೆ ಇಡುವುದು. ಇಲ್ಲಿ ವಿಮರ್ಶಕನ ಲೇಖನಿಯು ತಡೆಯಬೇಕಾಗುತ್ತದೆ. ಪ್ರಧಾನವಾದ ಅರ್ಥವು ಯಾರಿಗೆ? ನ್ಯಾಯಮಂಡಳಿಗೆ ಪ್ರಧಾನವಾದದ್ದು ಸಂಸ್ಥೆಯು ಯಾವ ಶಾಸನದಡಿ ನೋಂದಿತವಾಯಿತು, ಯಾವ ಪ್ರಕರಣವನ್ನು ಮೀರಿತು ಎಂಬುದು. ಠೇವಣಿ ಇಟ್ಟವಳಿಗೆ ಪ್ರಧಾನವಾದದ್ದು ಮೂರೇ ಮಾತು: ಈ ಸಂಸ್ಥೆಗೆ ಇನ್ನು ಹಣ ಕೊಡಬೇಕೆ ಬಾರದೆ, ಕೊಟ್ಟ ಗಂಟು ಬರುವುದೆ, ಅದಕ್ಕೆ ತಾನು ಏನು ಮಾಡಬೇಕು? ಈ ಮೂರು ಮಾತುಗಳು ಹತ್ತಾರು ಪುಟಗಳ ಕೊನೆಯಲ್ಲಿ ಅಡಗಿರುತ್ತವೆ. ಕೊನೆಯದು ಎಷ್ಟೋ ಸಲ ಆ ಆಜ್ಞೆಯಲ್ಲಿ ಇರುವುದೇ ಇಲ್ಲ, ಬೇರೊಂದು ಪ್ರಕಟಣೆಗಾಗಿ ಕಾಯಬೇಕು. ಸುಖವಾಗಿ ಅರ್ಥವಾಗುವ ಹಿತವಾದ ಶಬ್ದಗಳನ್ನು ಬಳಸುವುದು ಮಾಧುರ್ಯ; ಜನಪ್ರತೀತವಾದ ಶಬ್ದಗಳನ್ನು ಬಳಸುವುದು ಸ್ಪಷ್ಟತ್ವ. ಆಂಗ್ಲ ಭಾಷೆಯಲ್ಲಿ, ಅದರಲ್ಲಿಯೂ ವಕೀಲರ ಆಂಗ್ಲದಲ್ಲಿ ಬರೆದ ಆಜ್ಞೆಯಲ್ಲಿ ಈ ಎರಡನ್ನು ಹರಪನಹಳ್ಳಿಯ ಸಂತೆಯ ವ್ಯಾಪಾರಿಯು ಹೇಗೆ ಕಂಡಾನು? ಒಟ್ಟಿನಲ್ಲಿ ಆರರಲ್ಲಿ ಮೂರು ಸಂಪತ್ತುಗಳು ಎದುರಾಳಿಯ ವಕೀಲನ ಪಾಲಿಗೂ ನ್ಯಾಯಮಂಡಳಿಯ ಪಾಲಿಗೂ ದೊರೆತಿವೆ. ಯಾರ ಹಿತಕ್ಕಾಗಿ ಆಜ್ಞೆಯು ಹುಟ್ಟಿತೋ ಅವರ ಪಾಲಿಗೆ ಉಳಿದ ಮೂರೂ ಇಲ್ಲ.

ಇದು ಕೇವಲ ಅಲಂಕಾರಶಾಸ್ತ್ರದ ಕೊರತೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಏಜೆಂಟನ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅಪಾಯವು ತಿಳಿಯುತ್ತದೆ. ಅವನು ಪ್ರಧಾನವಾದ ಅರ್ಥವನ್ನೇ ಮೊದಲು ಹೇಳುತ್ತಾನೆ: ಇಷ್ಟು ಕಟ್ಟಿದರೆ ಇಷ್ಟು ವರ್ಷಕ್ಕೆ ಇಷ್ಟು ಬರುತ್ತದೆ. ಅವನ ಶಬ್ದಗಳು ಮನೆಮಾತಿನವು. ಅವನ ಧ್ವನಿಯು ಹಿತವಾದದ್ದು. ನೆಲದ ಚಿತ್ರವೋ ಬಂಗಾರದ ಚಿತ್ರವೋ ಅಚ್ಚಾದ ಕಾಗದದಲ್ಲಿ ಕಾಂತಿಗೂ ಕೊರತೆಯಿಲ್ಲ. ಅರ್ಥಕ್ರಮ, ಮಾಧುರ್ಯ, ಸ್ಪಷ್ಟತ್ವ ಮೂರೂ ಅಲ್ಲಿ ತುಂಬಿವೆ, ಸತ್ಯವೊಂದು ಇಲ್ಲ. ಇತ್ತ ಆಜ್ಞೆಯಲ್ಲಿ ಸತ್ಯವುಂಟು, ಆ ಮೂರು ಗುಣಗಳಿಲ್ಲ. ಆಜ್ಞೆಯು ಬಂದ ದಿನ ಹಳ್ಳಿಯಲ್ಲಿ ಅದನ್ನು ಓದಿ ಹೇಳುವವರಾರು? ಮತ್ತೆ ಅದೇ ಏಜೆಂಟನು. ಸರಕಾರವು ನಿಮ್ಮ ಹಣವನ್ನು ತಡೆದಿದೆ, ನಾವಂತೂ ಕೊಡುವವರಿದ್ದೆವು, ಕೋರ್ಟಿನಲ್ಲಿ ಗೆದ್ದು ಬರುತ್ತೇವೆ, ಅಲ್ಲಿಯವರೆಗೆ ಕಂತು ನಿಲ್ಲಿಸಬೇಡಿ ಎಂದು ಅವನು ಭಾಷ್ಯ ಬರೆದರೆ, ಮೂಲವನ್ನು ಓದಲಾರದವರು ಭಾಷ್ಯವನ್ನೇ ನಂಬುತ್ತಾರೆ. ಗ್ರಂಥವು ದುರ್ಬೋಧವಾದಷ್ಟೂ ವ್ಯಾಖ್ಯಾನಕಾರನು ಪ್ರಬಲನಾಗುವನೆಂಬುದು ಪಂಡಿತರಿಗೆ ತಿಳಿದ ವಿಷಯ. ಇಲ್ಲಿ ವ್ಯಾಖ್ಯಾನಕಾರನು ಆರೋಪಿಯ ಕಡೆಯವನೇ ಆಗಿರುವುದು ವಿಶೇಷ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಕಾಲಕ್ಕೆ ನಡೆಯುವ ಕಾರಣಿಕೋತ್ಸವವನ್ನು ಈ ಸೀಮೆಯವರೆಲ್ಲ ಬಲ್ಲರು. ಗೊರವಯ್ಯನು ಬಿಲ್ಲನ್ನೇರಿ ನಿಂತಾಗ ಲಕ್ಷಾಂತರ ಜನರ ನಡುವೆ ನಿಶ್ಶಬ್ದವು ಕವಿಯುತ್ತದೆ. ಆಗ ಬೀಳುವುದು ಒಂದೇ ಒಂದು ಸಣ್ಣ ವಾಕ್ಯ. ಅದರ ಅರ್ಥವು ಮಳೆಯೋ ಬೆಳೆಯೋ ರಾಜಕಾರಣವೋ ಎಂದು ಜನರು ವರ್ಷವೆಲ್ಲ ಚರ್ಚಿಸುತ್ತಾರೆ. ಅಲ್ಲಿ ಅಸ್ಪಷ್ಟತೆಯೇ ಸೊಗಸು; ಧ್ವನಿಯೇ ಆ ವಾಕ್ಯದ ಜೀವ. ಆದರೂ ಒಂದು ಅಂಶವನ್ನು ಗಮನಿಸತಕ್ಕದ್ದು: ಅರ್ಥವು ಗೂಢವಾದರೂ ಶಬ್ದವು ಪ್ರತಿಯೊಬ್ಬ ಕುರುಬನ, ಒಕ್ಕಲಿಗನ ಕಿವಿಯ ಶಬ್ದವೇ ಆಗಿರುತ್ತದೆ. ಆಜ್ಞಾಪತ್ರದಲ್ಲಿ ಇದಕ್ಕೆ ತಲೆಕೆಳಗಾಗಿದೆ. ಅಲ್ಲಿ ಧ್ವನಿಗೆ ಎಡೆಯಿಲ್ಲ, ವಾಚ್ಯಾರ್ಥವೇ ಸರ್ವಸ್ವ, ಅರ್ಥವು ನಿಶ್ಚಿತವಾಗಿದೆ. ಶಬ್ದವು ಮಾತ್ರ ಪರರದು.

ಕನ್ನಡದಲ್ಲಿ ಬರೆದುಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ಭಾವಿಸುವುದೂ ತಪ್ಪು. ಪದಕ್ಕೆ ಪದವನ್ನಿಟ್ಟು ಮಾಡಿದ ಅನುವಾದವು ಮೂಲಕ್ಕಿಂತ ಅನರ್ಥಕಾರಿಯಾದೀತು. ಸೆಕ್ಯುರಿಟಿ ಎಂಬ ವ್ಯಾಪಾರದ ಶಬ್ದಕ್ಕೆ ಭದ್ರತೆಯೆಂದು, ಭದ್ರತಾಪತ್ರವೆಂದು ಬರೆಯುವ ರೂಢಿಯುಂಟು. ಷೇರಿನ ಬೆಲೆಯು ಇಂದು ಏರಿ ನಾಳೆ ಇಳಿಯುವಂಥದು. ಅದಕ್ಕೆ ಭದ್ರತೆಯೆಂಬ ಹೆಸರನ್ನು ಕೇಳಿದ ಕೊಟ್ಟೂರಿನ ಗೃಹಿಣಿಯು ಹಣವು ಭದ್ರವಾಗಿದೆಯೆಂದೇ ತಿಳಿದಾಳು. ಶಬ್ದವು ಶುದ್ಧ ಸಂಸ್ಕೃತದ್ದು, ವ್ಯಾಕರಣವೂ ಶುದ್ಧ; ಬೋಧೆಯು ಮಾತ್ರ ವಿಪರೀತ. ಅದಕ್ಕಿಂತ ಷೇರು, ಬಾಂಡು, ಡಿಪಾಜಿಟ್ಟು, ಗಂಟು, ಬಡ್ಡಿ ಎಂಬ ಬಳಕೆಯ ಮಾತುಗಳೇ ಲೇಸು. ಸ್ಪಷ್ಟತ್ವಕ್ಕೆ ಕೌಟಿಲ್ಯನು ಕೊಟ್ಟ ಲಕ್ಷಣವು ಪ್ರತೀತಶಬ್ದ, ಶುದ್ಧಶಬ್ದವಲ್ಲ. ಸಂಸ್ಕೃತಾಭಿಮಾನಿಗಳು ಈ ಮಾತಿಗೆ ಸಿಟ್ಟಾಗಬೇಕಾಗಿಲ್ಲ; ಹೇಳಿದವನು ಸಂಸ್ಕೃತದ ಆಚಾರ್ಯನೇ.

ಓದುಗನಿಗೆ ಮುಟ್ಟದ ಬರಹದ ಬೆಲೆಯೆಷ್ಟೆಂಬುದನ್ನು ಅಂಕಿಗಳು ಸೂಚಿಸುತ್ತವೆ. ಸಹಾರಾ ಸಮೂಹದ ಎರಡು ಸಂಸ್ಥೆಗಳ ಮೇಲೆ ಸೆಬಿಯು ೨೦೧೧ರ ಜೂನಿನಲ್ಲಿ ಆಜ್ಞೆ ಮಾಡಿತು. ಸುಮಾರು ಮೂರು ಕೋಟಿ ಜನರಿಂದ ಪಡೆದ ೨೪,೦೦೦ ಕೋಟಿಗೂ ಮೀರಿದ ಹಣವನ್ನು ನೂರಕ್ಕೆ ಹದಿನೈದರ ಬಡ್ಡಿಯೊಡನೆ ಹಿಂದಿರುಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೨ನೆಯ ಆಗಸ್ಟ್ ೩೧ರಂದು ತೀರ್ಪಿತ್ತಿತು. ನೂರಕ್ಕೂ ಮಿಕ್ಕಿದ ಲಾರಿಗಳಲ್ಲಿ ದಾಖಲೆಗಳು ಸೆಬಿಯ ಬಾಗಿಲಿಗೆ ಬಂದವು. ಅನೇಕ ಬಾರಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟ ಮೇಲೆಯೂ ಬಂದ ಅರ್ಜಿಗಳು ೧೯,೬೫೦. ಅವುಗಳಲ್ಲಿ ೧೭,೫೨೬ ಅರ್ಜಿಗಳಿಗೆ ಬಡ್ಡಿ ಸೇರಿ ೧೩೮ ಕೋಟಿ ರೂಪಾಯಿಗಳನ್ನು ಕೊಡಲಾಯಿತೆಂದು ಮಂಡಳಿಯ ವರದಿಗಳು ತಿಳಿಸಿವೆ. ಬಹುಪಾಲು ಹಣವನ್ನು ತಾನು ಮೊದಲೇ ಕೊಟ್ಟಿರುವೆನೆಂಬುದು ಸಂಸ್ಥೆಯ ವಾದ. ಹೂಡಿದವರಲ್ಲಿ ಎಷ್ಟು ಮಂದಿ ನಿಜವಾಗಿ ಇದ್ದಾರೆಂಬುದೇ ಶಂಕಾಸ್ಪದವೆಂಬುದು ಎದುರು ಮಾತು. ಆದುದರಿಂದ ಈ ಅಂತರವೆಲ್ಲವನ್ನೂ ಭಾಷೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಕೋಟಿಗಟ್ಟಲೆ ಜನರನ್ನು ಕುರಿತು ಹೊರಟ ಕರೆಗೆ ಇಪ್ಪತ್ತು ಸಾವಿರ ಮಂದಿಯೂ ಓಗೊಡದೆ ಹೋದಾಗ, ಆ ಕರೆಯ ಭಾಷೆಯನ್ನು ಒಮ್ಮೆ ಪರೀಕ್ಷಿಸದಿರುವುದೂ ನ್ಯಾಯವಲ್ಲ.

ಪಿ.ಎ.ಸಿ.ಎಲ್. ಹಣವನ್ನು ಹಂಚಲು ಸರ್ವೋಚ್ಚ ನ್ಯಾಯಾಲಯವು ೨೦೧೬ರ ಫೆಬ್ರವರಿಯಲ್ಲಿ ನಿವೃತ್ತ ಮುಖ್ಯ ನ್ಯಾಯಾಧೀಶರಾದ ಆರ್. ಎಂ. ಲೋಧಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸುವಂತೆ ಆದೇಶಿಸಿತು. ೨೦೧೯ರಲ್ಲಿ ಜಾಲತಾಣದ ಮೂಲಕ ಅರ್ಜಿಗಳನ್ನು ಕರೆಯಲಾಯಿತು. ಸಣ್ಣ ಮೊತ್ತಗಳಿಂದ ಮೊದಲುಗೊಂಡು

ಹಂತಹಂತವಾಗಿ ಹಣವು ಹಿಂದಿರುಗತೊಡಗಿತು. ಇದು ಶ್ಲಾಘ್ಯವಾದ ಕಾರ್ಯ. ಅರ್ಜಿಗೆ ಬೇಕಾದವು ಮೂಲ ರಶೀದಿಯ ಪ್ರತಿ, ಬ್ಯಾಂಕಿನ ಖಾತೆ, ಪ್ಯಾನ್ ಚೀಟಿ. ಈ ಸೀಮೆಯಲ್ಲಿ ರಶೀದಿಯಲ್ಲಿ ಕೊಟ್ರವ್ವ, ಬ್ಯಾಂಕಿನಲ್ಲಿ ಕೊಟ್ರಮ್ಮ, ಪ್ಯಾನ್ ಚೀಟಿಯಲ್ಲಿ ಗಂಡನ ಹೆಸರು ಸೇರಿದ ಕೊಟ್ರಮ್ಮ ಎಂದಿರುವುದು ಸರ್ವಸಾಧಾರಣ. ಮೂವರೂ ಒಬ್ಬಳೇ ಎಂಬುದು ಊರಿಗೆಲ್ಲ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅವ್ವ ಅಮ್ಮಗಳ ಭೇದವನ್ನು ಬಲ್ಲ ಕನ್ನಡದ ತರುಣ ವಕೀಲನೊಬ್ಬನು ನಿಯಮವನ್ನು ಬರೆಯುವ ಮೇಜಿನ ಬಳಿ ಇದ್ದರೆ, ಹೆಸರಿನ ಇಂತಹ ವ್ಯತ್ಯಾಸವಿದ್ದಲ್ಲಿ ಏನು ಮಾಡತಕ್ಕದ್ದೆಂಬ ಒಂದು ವಾಕ್ಯವನ್ನು ಮೊದಲ ದಿನವೇ ಸೇರಿಸಿಯಾನು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಆಜ್ಞೆಯು ನ್ಯಾಯಮಂಡಳಿಯಲ್ಲಿ ನಿಲ್ಲಬೇಕು. ಅಲ್ಲಿಂದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗುವುದುಂಟು. ಸರಳಮಾಡಲು ಹೋಗಿ ಒಂದು ಶಬ್ದವು ಸಡಿಲವಾದರೆ, ಎದುರುಪಕ್ಷದ ಹಿರಿಯ ವಕೀಲರು ಅದೇ ಬಿರುಕಿನಲ್ಲಿ ಕೈಹಾಕಿ ಇಡೀ ಕಟ್ಟಡವನ್ನು ಕೆಡವಬಲ್ಲರು. ಆಗ ನಷ್ಟವು ಠೇವಣಿದಾರನಿಗೇ. ಇದು ತೂಕವುಳ್ಳ ಆಕ್ಷೇಪ. ಆದರೆ ಇದು ಆಜ್ಞೆಯನ್ನು ಬಿಗಿಯಾಗಿ ಬರೆಯಬೇಕೆಂಬುದಕ್ಕೆ ಕಾರಣವೇ ಹೊರತು, ಆಜ್ಞೆಯೊಡನೆ ಒಂದು ಪುಟದ ಸಾರವನ್ನು ಬರೆಯಬಾರದೆಂಬುದಕ್ಕೆ ಕಾರಣವಲ್ಲ. ಮಿತಾಕ್ಷರೆಯ ಹೆಸರೇ ಮಿತವಾದ ಅಕ್ಷರಗಳನ್ನು ಸಾರುತ್ತದೆ. ಮಿತವಾಗಿ ಬರೆದ ಮಾತ್ರಕ್ಕೆ ಅದರ ಪ್ರಾಮಾಣ್ಯವು ಕುಗ್ಗಲಿಲ್ಲ. ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜುಲೈ ತಿಂಗಳಿನಿಂದ ಆಯ್ದ ತೀರ್ಪುಗಳನ್ನು ಕನ್ನಡವೂ ಸೇರಿದಂತೆ ಕೆಲವು ದೇಶಭಾಷೆಗಳಲ್ಲಿ ಪ್ರಕಟಿಸತೊಡಗಿತು. ಸೆಬಿಯೂ ಹೂಡಿಕೆದಾರರ ತಿಳಿವಳಿಕೆಗಾಗಿ ಕನ್ನಡದಲ್ಲಿ ಕಿರುಹೊತ್ತಿಗೆಗಳನ್ನು ಹೊರತಂದಿದೆ. ಎಚ್ಚರಿಕೆಯನ್ನು ಕನ್ನಡದಲ್ಲಿ ಹೇಳಬಲ್ಲವರು ಪರಿಹಾರವನ್ನೂ ಕನ್ನಡದಲ್ಲಿ ಹೇಳಬಲ್ಲರು.

ಎರಡನೆಯ ಆಕ್ಷೇಪವೆಂದರೆ ಇಂತಹ ಕೆಲಸವನ್ನು ತರುಣರ ಮೇಲೆ ಹೊರಿಸುವುದೇಕೆ ಎಂಬುದು. ಅವರಿಗೆ ಕಡತಗಳ ಭಾರವೇ ಸಾಕಷ್ಟಿದೆ. ಎದುರು ನಿಲ್ಲುವವರು ಒಂದು ದಿನದ ವಾದಕ್ಕೆ ತರುಣನ ಎಷ್ಟೋ ತಿಂಗಳ ಸಂಬಳದಷ್ಟು ಶುಲ್ಕವನ್ನು ಪಡೆಯುವವರು. ಕೆಲವು ವರ್ಷಗಳ ಅನುಭವವಾದ ಮೇಲೆ ಖಾಸಗಿ ಸಂಸ್ಥೆಗಳು ಅವನನ್ನೂ ಕರೆಯುತ್ತವೆ, ಹೋಗುವವರನ್ನು ನಿಂದಿಸುವಂತಿಲ್ಲ. ಆದರೆ ಆರಂಭದ ವರ್ಷಗಳಲ್ಲಿಯೇ ಲೇಖನಿಗೆ ರೂಢಿಯು ಬೀಳುವುದು. ಇತ್ತೀಚಿನ ನೇಮಕಗಳ ಪರೀಕ್ಷೆಯಲ್ಲಿ ಆಂಗ್ಲದ ಪ್ರಬಂಧವನ್ನೂ ಸಂಗ್ರಹಲೇಖನವನ್ನೂ ಬರೆಯಿಸಿ ನೋಡುತ್ತಾರೆ. ಒಳಗೆ ಬಂದ ಮೇಲೆ ತಿದ್ದುವವರು ನ್ಯಾಯಮಂಡಳಿಯ ಕಣ್ಣಿನಿಂದ ತಿದ್ದುತ್ತಾರೆ. ಹೀಗೆ ಹತ್ತು ವರ್ಷಗಳು ಕಳೆದರೆ, ಹಗರಿಬೊಮ್ಮನಹಳ್ಳಿಯಿಂದ ಹೋದ ಹುಡುಗನಿಗೂ ತನ್ನ ತಾಯಿಗೆ ತಾನು ಮಾಡುವ ಕೆಲಸವೇನೆಂದು ಹೇಳಲು ಮಾತು ಸಿಕ್ಕದೆ ಹೋಗುತ್ತದೆ. ಇದು ಅವನೊಬ್ಬನ ನಷ್ಟವಲ್ಲ. ಮನೆಯವರಿಗೆ ಹೇಳಲಾರದವನು ಊರಿಗೆ ಹೇಳಲಾರ; ಊರಿಗೆ ಹೇಳಲಾರದ ಮಂಡಳಿಯ ಜಾಗದಲ್ಲಿ ಏಜೆಂಟನು ಹೇಳುತ್ತಾನೆ.

ರಾಜ್ಯದ ಮಟ್ಟದಲ್ಲಿ ದಾರಿಯು ಇನ್ನೂ ಸುಗಮ. ಠೇವಣಿದಾರರ ಹಿತರಕ್ಷಣೆಗಾಗಿ ಕರ್ನಾಟಕವು ೨೦೦೪ರಲ್ಲಿ ಪ್ರತ್ಯೇಕ ಶಾಸನವನ್ನು ಮಾಡಿತು. ಅದರಂತೆ ಸಕ್ಷಮ ಪ್ರಾಧಿಕಾರಿಯು ಆಸ್ತಿಯನ್ನು ಜಪ್ತಿಗೆ ತಂದು, ವಿಶೇಷ ನ್ಯಾಯಾಲಯದ ಮುಂದಿಟ್ಟು, ಹಂಚುವ ಏರ್ಪಾಡುಂಟು. ೨೦೧೯ರಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆಯು ಕುಸಿದಾಗ ಈ ಶಾಸನವು ಮನೆಮಾತಾಯಿತು. ಅದೇ ವರ್ಷ ಕೇಂದ್ರವೂ ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಶಾಸನವನ್ನು ತಂದಿತು. ಇಲ್ಲಿ ದುಡಿಯುವ ಸರಕಾರಿ ವಕೀಲರಿಗೆ ಕನ್ನಡವು ರಾಜಭಾಷೆ. ೧೯೬೩ರ ಶಾಸನವೇ ಅದಕ್ಕೆ ಆಧಾರ. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳು ೧೯೫೩ನೆಯ ಅಕ್ಟೋಬರ್ ೧ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ದೂರದ ಊರಿನಿಂದ ಪರಭಾಷೆಯಲ್ಲಿ ಬರುವ ಹುಕುಮನ್ನು ಓದಿಸಿಕೊಳ್ಳಲು ಯಾರ ಕಾಲಿಗಾದರೂ ಬೀಳಬೇಕಾದ ಕಷ್ಟವು ಇಲ್ಲಿಯ ಹಿರಿಯರಿಗೆ ತಿಳಿದಿತ್ತು. ಆ ಕಷ್ಟವು ಏಕೀಕರಣದಿಂದ ತೀರಿತೆಂದುಕೊಂಡವರು ಮುಂಬಯಿಯ ಆಜ್ಞೆಯನ್ನು ಕೈಯಲ್ಲಿ ಹಿಡಿದಾಗ ಮತ್ತೆ ಅಲ್ಲಿಯೇ ನಿಂತಿರುವರು.

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಕಲ್ಲೇಶ್ವರನ ಗುಡಿಯ ಬಳಿ ಅನೇಕ ಶಿಲಾಶಾಸನಗಳಿವೆ. ಆ ಕಾಲದ ಶಾಸನಗಳಲ್ಲಿ ದೇವತಾಸ್ತುತಿಯೂ ಶಾಪವಾಕ್ಯವೂ ಸಂಸ್ಕೃತದಲ್ಲಿರುವುದುಂಟು. ರಾಜನ ಬಿರುದುಗಳು ಪ್ರೌಢವಾಗಿರುವುದೂ ಉಂಟು. ಆದರೆ ದಾನ ಕೊಟ್ಟ ನೆಲವೆಷ್ಟು, ಅದರ ಎಲ್ಲೆಗಳಾವುವು, ಅದನ್ನು ಯಾರು ಕಾಯಬೇಕು ಎಂಬ ಭಾಗಕ್ಕೆ ಬಂದೊಡನೆ ಶಾಸನಲೇಖಕನು ಕನ್ನಡಕ್ಕೆ ಇಳಿಯುತ್ತಾನೆ. ಊರಿನವರು ಹಳ್ಳ, ಬೆಟ್ಟ, ಮರಗಳನ್ನು ಕರೆಯುತ್ತಿದ್ದ ಹೆಸರುಗಳಿಂದಲೇ ಕರೆಯುತ್ತಾನೆ. ಪಂಡಿತರಿಗೆ ಸಲ್ಲತಕ್ಕದ್ದನ್ನು ಪಂಡಿತರಿಗೆ ಸಲ್ಲಿಸಿ, ಒಕ್ಕಲಿಗೆ ಸಲ್ಲತಕ್ಕದ್ದನ್ನು ಒಕ್ಕಲಿನ ಮಾತಿನಲ್ಲಿ ಸಲ್ಲಿಸುವ ಈ ವಿವೇಕವು ಸೆಬಿಯ ಮೇಜಿನ ಮುಂದೆ ಕುಳಿತ ತರುಣ ತರುಣಿಯರಿಗೆ ಅಸಾಧ್ಯವಾದದ್ದೇನೂ ಅಲ್ಲ. ನೋಟೀಸನ್ನು ಎದುರಾಳಿಗಾಗಿ, ಆಜ್ಞೆಯನ್ನು ನ್ಯಾಯಮಂಡಳಿಗಾಗಿ ಎಷ್ಟು ಬಿಗಿಯಾಗಿಯಾದರೂ ಬರೆಯಲಿ. ಅದರ ಕೊನೆಗೆ ಒಂದು ಪುಟವನ್ನು ಠೇವಣಿದಾರನಿಗಾಗಿ ಬರೆದು, ಇನ್ನು ಹಣ ಕಟ್ಟಬೇಡಿರಿ, ರಶೀದಿಯನ್ನು ಯಾರ ಕೈಗೂ ಕೊಡಬೇಡಿರಿ, ಇಂಥ ತಾರೀಕಿನೊಳಗೆ ಇಂಥಲ್ಲಿಗೆ ಅರ್ಜಿ ಹಾಕಿರಿ ಎಂದು ಅವನ ಮಾತಿನಲ್ಲಿಯೇ ಹೇಳಿದರೆ, ಕೌಟಿಲ್ಯನು ಎಣಿಸಿದ ಆರು ಸಂಪತ್ತುಗಳೂ ಆ ಗದ್ಯದಲ್ಲಿ ತುಂಬುವುವು. ಆ ಪುಟವನ್ನು ಬರೆಯುವವರು ಈ ಐದು ತಾಲ್ಲೂಕುಗಳ ಶಾಲೆಗಳಲ್ಲಿ ಕನ್ನಡ ಕಲಿತವರಾದರೆ, ಆ ಶಾಲೆಗಳ ಶ್ರಮವೂ ಸಾರ್ಥಕವಾದೀತು.